ಶೈತ್ಯದಲ್ಲಿ ಎಚ್ಚರಗೊಳ್ಳದ ಗಣಕ

(ಪ್ರೊಸೆಸರಿನ ಲಯವರ್ಧನೆ ಹಾಗೂ ಶೀತಾರಂಭ ದೋಷ : ಒಂದು ವಿವೇಚನೆ)

ಯಂತ್ರಕ್ಕೆ ಉಷ್ಣವು ವೈರಿ, ಶೈತ್ಯವು ಮಿತ್ರ ಎಂಬುದು ಬಹುಮಟ್ಟಿಗೆ ಎಲ್ಲರೂ ಒಪ್ಪಿರುವ ಮಾತು. ಗಣಕದ ಪೆಟ್ಟಿಗೆಯೊಳಗೆ ಬೀಸಣಿಗೆ ತಿರುಗುವುದೂ, ಬ್ಯಾಂಕುಗಳಲ್ಲಿ ಗಣಕಗಳಿರುವ ಕೋಣೆಯನ್ನು ಹವಾನಿಯಂತ್ರಣದಿಂದ ತಣ್ಣಗಿರಿಸುವುದೂ ಈ ತಿಳಿವಳಿಕೆಯ ಮೇಲೆಯೇ. ಹಾಗಾದರೆ ತಂಪನ್ನು ಹೆಚ್ಚಿಸುತ್ತ ಹೋದಷ್ಟೂ ಗಣಕದ ಸಾಮರ್ಥ್ಯವೂ ಹೆಚ್ಚುತ್ತ ಹೋಗುವುದೆ? ಶೂನ್ಯಕ್ಕಿಂತ ನೂರಾರು ಡಿಗ್ರಿ ಕೆಳಗೆ ಅದು ಹೇಗೆ ವರ್ತಿಸೀತು? ಈ ಪ್ರಶ್ನೆಯನ್ನು ಬೆನ್ನಟ್ಟಿದವರಿಗೆ ಒಂದು ವಿಚಿತ್ರ ಕಾಣಿಸಿತು. ಕಡುಶೈತ್ಯದಲ್ಲಿ ಅತಿವೇಗದಿಂದ ದುಡಿಯುತ್ತಿದ್ದ ಯಂತ್ರವನ್ನು ಒಮ್ಮೆ ನಿಲ್ಲಿಸಿ, ಅದೇ ಶೈತ್ಯದಲ್ಲಿ ಮತ್ತೆ ಚಾಲನೆ ಮಾಡಹೋದರೆ ಅದು ಕಣ್ಣನ್ನೇ ತೆರೆಯದು. ಕೆಲಸ ಮಾಡಬಲ್ಲುದು, ಆದರೆ ಆರಂಭಿಸಲಾರದು. ಈ ವಿಚಿತ್ರದ ಸ್ವರೂಪ, ಕಾರಣ ಮತ್ತು ಪರಿಹಾರಗಳನ್ನು ಪ್ರಕೃತ ಲೇಖನದಲ್ಲಿ ಯಥಾಮತಿ ನಿರೂಪಿಸಲಾಗುವುದು.

ಕನ್ನಡ ಪಂಡಿತನಿಗೆ ಈ ವಿಷಯದ ಗೊಡವೆ ಏಕೆಂದು ಯಾರಾದರೂ ಕೇಳಿಯಾರು. ಪದಗಳ ಅರ್ಥವನ್ನು ಬಿಡಿಸಿ ಹೇಳುವುದು ಪಂಡಿತನ ವೃತ್ತಿ. ಈ ಕ್ಷೇತ್ರದಲ್ಲಿ ಬಿಡಿಸಬೇಕಾದ ಪದಗಳು ಹೇರಳವಾಗಿವೆ. ಅಲ್ಲದೆ ಇಂದಿನ ಬಾಲಕರು ಇಂಥ ಪ್ರಯೋಗಗಳ ಚಲಚ್ಚಿತ್ರಗಳನ್ನು ಕೈಯಲ್ಲಿನ ದೂರವಾಣಿಯಲ್ಲಿ ನೋಡಿ ತರಗತಿಗೆ ಬಂದು ಪ್ರಶ್ನಿಸುತ್ತಾರೆ. ಉತ್ತರ ದೊರೆಯದಿದ್ದಲ್ಲಿ ತಾವೇ ಮಾಡಿ ನೋಡಹೊರಡುವವರೂ ಉಂಟು. ಮುಂದೆ ವಿವರಿಸುವಂತೆ, ಅದರಲ್ಲಿ ಪ್ರಾಣಾಪಾಯವಿದೆ. ಆದುದರಿಂದ ಉಪಾಧ್ಯಾಯರಾದವರು ಈ ವಿಷಯದ ತಿರುಳನ್ನಾದರೂ ಅರಿತಿರುವುದು ಒಳ್ಳೆಯದು.

೧. ಲಯ ಮತ್ತು ಲಯವರ್ಧನೆ

ಗಣಕದ ಹೃದಯಸ್ಥಾನದಲ್ಲಿರುವುದು ಪ್ರೊಸೆಸರ್ ಎಂಬ ಸಿಲಿಕಾನ್ ಬಿಲ್ಲೆ. ಉಗುರಿನಷ್ಟಗಲದ ಆ ಬಿಲ್ಲೆಯಲ್ಲಿ ಟ್ರಾನ್ಸಿಸ್ಟರುಗಳೆಂಬ ಸೂಕ್ಷ್ಮವಾದ ಕೀಲುಗಳು ನೂರಾರು ಕೋಟಿ ಸಂಖ್ಯೆಯಲ್ಲಿರುತ್ತವೆ. ಇವೆಲ್ಲವೂ ಒಟ್ಟಾಗಿ ಹೆಜ್ಜೆಯಿಡಬೇಕಾದರೆ ಒಂದು ತಾಳ ಬೇಕು. ಆ ತಾಳವನ್ನು ಕೊಡುವ ವಿದ್ಯುತ್ ಸ್ಪಂದನಕ್ಕೆ ಕ್ಲಾಕ್ ಎಂದು ಹೆಸರು. ಸೆಕೆಂಡಿಗೆ ನೂರು ಕೋಟಿ ಸ್ಪಂದನಗಳಾದರೆ ಅದು ಒಂದು ಗಿಗಾಹರ್ಟ್ಸ್. ೫ ಗಿಗಾಹರ್ಟ್ಸ್ ವೇಗದ ಪ್ರೊಸೆಸರಿನಲ್ಲಿ ಒಂದು ತಾಳಕ್ಕೂ ಮುಂದಿನ ತಾಳಕ್ಕೂ ನಡುವಣ ಅವಧಿಯಲ್ಲಿ ಬೆಳಕು ಕೂಡ ಸುಮಾರು ೬ ಸೆಂಟಿಮೀಟರಿಗಿಂತ ಹೆಚ್ಚು ದೂರ ಚಲಿಸಲಾರದು. ಅಷ್ಟು ಕಿರಿದಾದ ಅವಧಿಯಲ್ಲಿ ಪ್ರತಿಯೊಂದು ಟ್ರಾನ್ಸಿಸ್ಟರೂ ತನ್ನ ಸ್ಥಿತಿಯನ್ನು ಬದಲಿಸಿ, ಫಲಿತವನ್ನು ಮುಂದಿನದಕ್ಕೆ ಒಪ್ಪಿಸಬೇಕು.

ತಯಾರಕರು ಪ್ರತಿಯೊಂದು ಬಿಲ್ಲೆಯನ್ನೂ ಪರೀಕ್ಷಿಸಿ, 'ಇದು ಇಂಥ ವೇಗದಲ್ಲಿ ತಪ್ಪಿಲ್ಲದೆ ನಡೆಯುತ್ತದೆ' ಎಂಬ ಮುದ್ರೆಯನ್ನು ಒತ್ತುತ್ತಾರೆ. ಬೇಸಿಗೆಯ ಸೆಕೆಯಲ್ಲಿಯೂ, ಧೂಳು ತುಂಬಿದ ಪೆಟ್ಟಿಗೆಯಲ್ಲಿಯೂ, ವರ್ಷಗಟ್ಟಲೆ ಅದು ಕೆಡದೆ ನಡೆಯಬೇಕಾದುದರಿಂದ ಮುದ್ರಿತ ವೇಗವು ನಿಜವಾದ ಎಲ್ಲೆಗಿಂತ ಸ್ವಲ್ಪ ಈಚೆಗೇ ಇರುತ್ತದೆ. ಈ ಮಿಗುತೆಯನ್ನು ಬಳಸಿಕೊಂಡು, ತಯಾರಕರು ವಿಧಿಸಿದುದಕ್ಕಿಂತ ಹೆಚ್ಚಿನ ವೇಗದಲ್ಲಿ ಪ್ರೊಸೆಸರನ್ನು ನಡೆಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಸಂಗೀತದಲ್ಲಿ ವಿಳಂಬ, ಮಧ್ಯ, ದ್ರುತ ಎಂದು ಲಯಭೇದಗಳಿರುವುದು ಸರ್ವವಿದಿತ. ರಾಗ ಅದೇ, ಕೃತಿ ಅದೇ. ಕಾಲಪ್ರಮಾಣ ಮಾತ್ರ ಬೇರೆ. ಇಲ್ಲಿಯೂ ಲೆಕ್ಕ ಅದೇ, ಯಂತ್ರ ಅದೇ, ತಾಳ ಮಾತ್ರ ತ್ವರಿತ. ಆದುದರಿಂದ ಇದನ್ನು 'ಲಯವರ್ಧನೆ' ಎಂದು ಕರೆಯುವುದು ಯುಕ್ತವಾಗಿ ತೋರುತ್ತದೆ. ನುರಿತ ಗಾಯಕನೂ ತನ್ನ ಎಲ್ಲೆಯನ್ನು ಮೀರಿದ ದ್ರುತದಲ್ಲಿ ಹಾಡಹೋದರೆ ಸ್ವರಗಳು ಒಂದರಮೇಲೊಂದು ಬೀಳುತ್ತವೆ. ಪ್ರೊಸೆಸರಿನ ಗತಿಯೂ ಹಾಗೆಯೇ.

ಇದಕ್ಕೆ ಒಂದು ಪ್ರಸಿದ್ಧ ನಿದರ್ಶನ ಇಂಟೆಲ್ ಸಂಸ್ಥೆಯು ೧೯೯೮ರಲ್ಲಿ ಹೊರತಂದ ಸೆಲೆರಾನ್ ೩೦೦ಎ. ಅಗ್ಗದ ಗಣಕಗಳಿಗಾಗಿ ತಯಾರಾದ ಈ ಪ್ರೊಸೆಸರು ೬೬ ಮೆಗಾಹರ್ಟ್ಸ್ ಮೂಲಸ್ಪಂದನವನ್ನು ನಾಲ್ಕೂವರೆಯಿಂದ ಗುಣಿಸಿ ಸುಮಾರು ೩೦೦ ಮೆಗಾಹರ್ಟ್ಸ್ ವೇಗದಲ್ಲಿ ನಡೆಯುತ್ತಿತ್ತು. ಗುಣಕವನ್ನು ಬದಲಿಸಲು ಬರುತ್ತಿರಲಿಲ್ಲ. ಆದರೆ ಮದರ್‌ಬೋರ್ಡಿನ ಮೂಲಸ್ಪಂದನವನ್ನೇ ೧೦೦ ಮೆಗಾಹರ್ಟ್ಸಿಗೆ ಏರಿಸಿದರೆ, ಅದೇ ನಾಲ್ಕೂವರೆಯ ಗುಣಕದಿಂದ ವೇಗವು ೪೫೦ ಆಗುತ್ತಿತ್ತು. ಅದೇ ವರ್ಷ ಮಾರುಕಟ್ಟೆಗೆ ಬಂದ, ಬಹುಪಾಲು ಹೆಚ್ಚು ಬೆಲೆಯ ಪೆಂಟಿಯಂ ೨ರ ಉನ್ನತ ಮಾದರಿಯ ವೇಗವೂ ೪೫೦ ಮೆಗಾಹರ್ಟ್ಸೇ. ಬಡವರ ಪ್ರೊಸೆಸರು ಸಿರಿವಂತರ ಪ್ರೊಸೆಸರಿನ ಸರಿಸಮಕ್ಕೆ ನಿಂತ ಈ ಪ್ರಸಂಗದಿಂದ ಲಯವರ್ಧನೆಯು ಅನೇಕ ತರುಣರ ಹವ್ಯಾಸವಾಯಿತು.

೨. ತಾಪದ ತೊಡಕು

ವೇಗವನ್ನು ಹೆಚ್ಚಿಸಿದರೆ ತಾಪ ಹೆಚ್ಚುತ್ತದೆ. ಪ್ರೊಸೆಸರು ಕೆಲಸದಲ್ಲಿ ವ್ಯಯಿಸುವ ವಿದ್ಯುಚ್ಛಕ್ತಿಯು ಸ್ಥೂಲವಾಗಿ ವೇಗದ ಪ್ರಮಾಣದಲ್ಲಿಯೂ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ತಾಳ ತ್ವರಿತವಾದಂತೆ ಟ್ರಾನ್ಸಿಸ್ಟರುಗಳನ್ನು ಬೇಗ ಕದಲಿಸಲು ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಉದಾಹರಣೆಗೆ, ವೇಗವನ್ನು ನೂರಕ್ಕೆ ೩೦ರಷ್ಟೂ ವೋಲ್ಟೇಜನ್ನು ನೂರಕ್ಕೆ ೨೦ರಷ್ಟೂ ಏರಿಸಿದರೆ, ೧.೩ನ್ನು ೧.೨ರ ವರ್ಗವಾದ ೧.೪೪ರಿಂದ ಗುಣಿಸಬೇಕು, ಬರುವುದು ಸುಮಾರು ೧.೮೭. ಎಂದರೆ ೧೦೦ ವಾಟ್ ಇದ್ದುದು ೧೮೭ ವಾಟ್ ಆಯಿತು. ಮೂರಂಶದಷ್ಟು ಲಾಭಕ್ಕೆ ಸುಮಾರು ಎಂಟೂಮುಕ್ಕಾಲು ಅಂಶಗಳಷ್ಟು ಹೆಚ್ಚು ಬೆಲೆ ತೆತ್ತಂತೆ.

ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ೧೯೭೪ರಲ್ಲಿ ಒಂದು ಸೂತ್ರವನ್ನು ಮಂಡಿಸಿದ್ದರು. ಟ್ರಾನ್ಸಿಸ್ಟರುಗಳನ್ನು ಕಿರಿದಾಗಿಸುತ್ತ, ಅದಕ್ಕೆ ತಕ್ಕಂತೆ ವೋಲ್ಟೇಜನ್ನೂ ಇಳಿಸುತ್ತ ಹೋದರೆ ತಾಪದ ಸಾಂದ್ರತೆ ಏರದೆಯೇ ವೇಗವನ್ನು ಹೆಚ್ಚಿಸಬಹುದೆಂಬುದು ಅದರ ತಾತ್ಪರ್ಯ. ಮೂರು ದಶಕಗಳ ಕಾಲ ಈ ಸೂತ್ರ ಕೈಹಿಡಿದು ನಡೆಸಿತು. ಅನಂತರ ವೋಲ್ಟೇಜನ್ನು ಮತ್ತಷ್ಟು ಇಳಿಸಲಾಗದೆ ಅದು ಕೈಬಿಟ್ಟಿತು. ೪ ಗಿಗಾಹರ್ಟ್ಸ್ ವೇಗದ ಪೆಂಟಿಯಂ ೪ನ್ನು ಹೊರತರುವ ಯೋಜನೆಯನ್ನು ಇಂಟೆಲ್ ೨೦೦೪ರಲ್ಲಿ ಕೈಬಿಟ್ಟು, ಒಂದೇ ಬಿಲ್ಲೆಯಲ್ಲಿ ಹಲವು ಪ್ರೊಸೆಸರುಗಳನ್ನು ಕೂಡಿಸುವ ದಾರಿಯನ್ನು ಹಿಡಿಯಿತು. ವೇಗದ ಹಾದಿಯಲ್ಲಿ ಅಡ್ಡ ನಿಂತದ್ದು ತಾಪ. ತಾಪವನ್ನೇ ಹಿಡಿದು ಹೊರದೂಡಿದರೆ ಏನಾದೀತು ಎಂಬ ಕುತೂಹಲವೇ ಶೀತಪ್ರಯೋಗಗಳ ಮೂಲ.

೩. ಶೈತ್ಯದ ಮೆಟ್ಟಿಲುಗಳು

ಗಾಳಿ, ನೀರು, ಅದರ ಮುಂದೆ ಶೂನ್ಯಕ್ಕಿಂತ ಕೆಳಗೆ ೭೮ ಡಿಗ್ರಿ ಸೆಲ್ಸಿಯಸ್ಸಿನ ಶುಷ್ಕಹಿಮ, ೧೯೬ ಡಿಗ್ರಿ ಕೆಳಗೆ ಕುದಿಯುವ ದ್ರವ ಸಾರಜನಕ, ೨೬೯ ಡಿಗ್ರಿ ಕೆಳಗೆ ಕುದಿಯುವ ದ್ರವ ಹೀಲಿಯಂ - ಇವು ಶೈತ್ಯದ ಮೆಟ್ಟಿಲುಗಳು. ಸಾರಜನಕವನ್ನು ೧೮೮೩ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ವ್ರೊಬ್ಲೆವ್‌ಸ್ಕಿ ಮತ್ತು ಓಲ್ಶೆವ್‌ಸ್ಕಿ ಎಂಬ ವಿಜ್ಞಾನಿಗಳು ದ್ರವವಾಗಿಸಿದರು. ಹೀಲಿಯಮನ್ನು ೧೯೦೮ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ನೆಸ್ ದ್ರವವಾಗಿಸಿದರು.

ದ್ರವ ಸಾರಜನಕವು ನಮ್ಮ ಗ್ರಾಮಸ್ಥರಿಗೆ ತೀರ ಅಪರಿಚಿತವಾದ ವಸ್ತುವಲ್ಲ. ಪಶುಚಿಕಿತ್ಸಾಲಯಗಳಲ್ಲಿ ಕೃತಕ ಗರ್ಭಧಾರಣೆಗಾಗಿ ಹೋರಿಯ ವೀರ್ಯದ ಕಡ್ಡಿಗಳನ್ನು ಇಟ್ಟಿರುವ, ಮುಚ್ಚಳ ತೆರೆದೊಡನೆ ಬಿಳಿಯ ಹೊಗೆಯಂಥ ಆವಿ ಇಳಿಯುವ ಪಾತ್ರೆಯನ್ನು ರೈತರು ಕಂಡಿದ್ದಾರೆ. ಆ ಪಾತ್ರೆಯೊಳಗಿರುವುದು ಇದೇ ದ್ರವ. ಅಲ್ಲಿ ಜೀವಬೀಜವು ವರ್ಷಗಟ್ಟಲೆ ನಿದ್ರಿಸಿದ್ದು, ಹದವಾದ ಬೆಚ್ಚನೆಯ ನೀರಿನಲ್ಲಿ ಕರಗಿಸಿದ ಬಳಿಕವೇ ಚೇತನಗೊಳ್ಳುತ್ತದೆ ಎಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಶೈತ್ಯದಿಂದ ಪ್ರೊಸೆಸರಿಗೆ ಮೂರು ಬಗೆಯ ಉಪಕಾರಗಳುಂಟು. ಮೊದಲನೆಯದಾಗಿ, ಸಿಲಿಕಾನಿನೊಳಗೆ ವಿದ್ಯುತ್ಕಣಗಳ ಸಂಚಾರ ಸುಗಮವಾಗುತ್ತದೆ. ಪರಮಾಣುಗಳ ಕಂಪನ ತಗ್ಗುವುದರಿಂದ ಕಣಗಳಿಗೆ ತಡೆ ಕಡಿಮೆ. ಎರಡನೆಯದಾಗಿ, ಲೋಹದ ತಂತಿಗಳ ರೋಧ ಇಳಿಯುತ್ತದೆ. ಶುದ್ಧ ತಾಮ್ರದ ರೋಧವು ದ್ರವ ಸಾರಜನಕದ ಶೈತ್ಯದಲ್ಲಿ ಸಾಮಾನ್ಯ ಉಷ್ಣತೆಯಲ್ಲಿರುವುದರ ಎಂಟನೆಯ ಒಂದಂಶಕ್ಕೆ ಸಮೀಪವಾಗುತ್ತದೆ. ಮೂರನೆಯದಾಗಿ, ಮುಚ್ಚಿದ ಟ್ರಾನ್ಸಿಸ್ಟರುಗಳ ಮೂಲಕ ವ್ಯರ್ಥವಾಗಿ ಸೋರುವ ವಿದ್ಯುತ್ತು ಬಹಳ ಮಟ್ಟಿಗೆ ನಿಲ್ಲುತ್ತದೆ.

ಇದು ಹವ್ಯಾಸಿಗಳ ಆಟವಾಗುವ ಮೊದಲೇ ವಿದ್ವಾಂಸರ ಉದ್ಯಮವಾಗಿತ್ತು. ಅಮೆರಿಕದ ಕಂಟ್ರೋಲ್ ಡೇಟಾ ಸಂಸ್ಥೆಯಿಂದ ೧೯೮೩ರಲ್ಲಿ ಕವಲೊಡೆದ ಈಟಿಎ ಸಿಸ್ಟಮ್ಸ್ ಎಂಬ ಸಂಸ್ಥೆಯು ಈಟಿಎ-೧೦ ಎಂಬ ಮಹಾಗಣಕವನ್ನು ನಿರ್ಮಿಸಿ, ಅದರ ಪ್ರೊಸೆಸರ್ ಫಲಕಗಳನ್ನು ದ್ರವ ಸಾರಜನಕದಲ್ಲಿಯೇ ಮುಳುಗಿಸಿತು. ಗಾಳಿಯಿಂದ ತಂಪಾಗುವ ಅದರ ಮಾದರಿಗಳಲ್ಲಿ ಒಂದು ತಾಳಕ್ಕೆ ೨೪ ಅಥವಾ ೧೯ ನ್ಯಾನೊಸೆಕೆಂಡು ಬೇಕಾಗುತ್ತಿದ್ದರೆ, ಸಾರಜನಕದ ಮಾದರಿಗಳಲ್ಲಿ ೧೦.೫ ಅಥವಾ ೭ ನ್ಯಾನೊಸೆಕೆಂಡು ಸಾಕಾಗುತ್ತಿತ್ತು. ಆರ್ಥಿಕ ಕಾರಣಗಳಿಂದ ಸಂಸ್ಥೆಯು ೧೯೮೯ರಲ್ಲಿ ಮುಚ್ಚಿಹೋಯಿತು. ಅದು ತೋರಿದ ತತ್ತ್ವ ಉಳಿಯಿತು.

ಹವ್ಯಾಸಿಗಳ ವಿಧಾನ ಇದಕ್ಕಿಂತ ಸರಳ. ಪ್ರೊಸೆಸರಿನ ಮೇಲೆ ದಪ್ಪ ತಳದ ತಾಮ್ರದ ಲೋಟವೊಂದನ್ನು ಬಿಗಿದು, ಅದರೊಳಗೆ ದ್ರವ ಸಾರಜನಕವನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ಯುತ್ತ, ಲೋಟಕ್ಕೆ ತಾಗಿಸಿದ ಉಷ್ಣಮಾಪಕದ ಮೇಲೆ ಕಣ್ಣಿಟ್ಟಿರುವುದು. ಹೀಗೆ ಎಎಂಡಿ ಸಂಸ್ಥೆಯ ಎಫ್‌ಎಕ್ಸ್-೮೧೫೦ ಪ್ರೊಸೆಸರು ೨೦೧೧ರಲ್ಲಿ ದ್ರವ ಹೀಲಿಯಮಿನ ನೆರವಿನಿಂದ ೮.೪೨೯ ಗಿಗಾಹರ್ಟ್ಸ್ ಮುಟ್ಟಿತು. ಇಂಟೆಲಿನ ಕೋರ್ ಐ೯-೧೩೯೦೦ಕೆ ೨೦೨೨ರ ಡಿಸೆಂಬರಿನಲ್ಲಿ ಅದೇ ಹೀಲಿಯಮಿನಿಂದ ೯ ಗಿಗಾಹರ್ಟ್ಸಿನ ಗೆರೆಯನ್ನು ದಾಟಿತು. ತಯಾರಕರೇ ವಿಧಿಸಿದ ಅದರ ಗರಿಷ್ಠ ವೇಗ ೫.೮. ಇಂಥ ದಾಖಲೆಗಳು ಕ್ಷಣಮಾತ್ರದವು. ಅವುಗಳಿಂದ ನಿತ್ಯದ ಕೆಲಸವೇನೂ ನಡೆಯದು. ಆದರೆ ವಸ್ತುವಿನ ಪರಮಾವಧಿ ಎಲ್ಲಿದೆಯೆಂಬುದನ್ನು ಅವು ತೋರಿಸಿಕೊಡುತ್ತವೆ.

೪. ಎರಡು ದೋಷಗಳು, ಎರಡು ಎಲ್ಲೆಗಳು

ಶೈತ್ಯದ ಉಪಕಾರಕ್ಕೂ ಒಂದು ಎಲ್ಲೆಯಿದೆ. ನಡೆಯುತ್ತಿರುವ ಪ್ರೊಸೆಸರನ್ನು ತಂಪುಗೊಳಿಸುತ್ತ ಹೋದರೆ ಒಂದು ಬಿಂದುವಿನಲ್ಲಿ ಅದು ಥಟ್ಟನೆ ಸ್ತಬ್ಧವಾಗುತ್ತದೆ. ಇದನ್ನು ಕೋಲ್ಡ್ ಬಗ್ ಎನ್ನುತ್ತಾರೆ. ನಾವು 'ಶೀತದೋಷ' ಎನ್ನೋಣ. ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದುದು. ಶೂನ್ಯಕ್ಕಿಂತ ೧೩೦ ಡಿಗ್ರಿ ಕೆಳಗೆ ನಿರಾತಂಕವಾಗಿ ನಡೆಯುತ್ತಿದ್ದ ಪ್ರೊಸೆಸರನ್ನು ನಿಲ್ಲಿಸಿ ಮತ್ತೆ ಚಾಲನೆ ಮಾಡಬೇಕಾದರೆ ಅದನ್ನು ೯೦ ಡಿಗ್ರಿ ಕೆಳಗಿನವರೆಗಾದರೂ ಬಿಸಿಯೇರಲು ಬಿಡಬೇಕೆಂದು ಇಟ್ಟುಕೊಳ್ಳೋಣ. ಇದು ಕೋಲ್ಡ್ ಬೂಟ್ ಬಗ್, ಎಂದರೆ 'ಶೀತಾರಂಭ ದೋಷ'. ನಡೆಯುವುದಕ್ಕೆ ಒಂದು ಎಲ್ಲೆ, ಆರಂಭಿಸುವುದಕ್ಕೆ ಇನ್ನೊಂದು ಎಲ್ಲೆ. ಎರಡನೆಯದು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಮೇಲೆಯೇ ಇರುತ್ತದೆ. ಈ ಸಂಖ್ಯೆಗಳು ದೃಷ್ಟಾಂತಕ್ಕಾಗಿ ಮಾತ್ರ. ಎಲ್ಲೆಗಳು ಮಾದರಿಯಿಂದ ಮಾದರಿಗೆ, ಒಂದೇ ಮಾದರಿಯಲ್ಲಿಯೂ ಬಿಲ್ಲೆಯಿಂದ ಬಿಲ್ಲೆಗೆ ಬೇರೆಯಾಗುತ್ತವೆ. ಎಎಂಡಿಯ ಹಿಂದಿನ ಪ್ರೊಸೆಸರುಗಳನ್ನು ಕಾಡುತ್ತಿದ್ದ ಶೀತದೋಷವು ೨೦೦೯ರಲ್ಲಿ ಬಂದ ಫೆನಮ್ ೨ರಲ್ಲಿ ಕಾಣಿಸದೆಹೋದುದು ಹವ್ಯಾಸಿಗಳಿಗೆ ಹಬ್ಬವಾಯಿತು. ಅದನ್ನು ದ್ರವ ಹೀಲಿಯಮಿನಿಂದ ತಂಪುಗೊಳಿಸಿದರೂ ಅದು ನಡೆಯಿತು.

'ಕೋಲ್ಡ್ ಬೂಟ್' ಎಂಬ ಮಾತಿಗೆ ಬೇರೆ ಅರ್ಥಗಳೂ ಇರುವುದರಿಂದ ಇಲ್ಲಿ ಎಚ್ಚರಿಕೆ ಬೇಕು. ಪೂರ್ಣವಾಗಿ ಆರಿಸಿದ್ದ ಗಣಕವನ್ನು ಹೊಸದಾಗಿ ಚಾಲನೆಗೊಳಿಸುವುದಕ್ಕೆ, ಹವೆ ಎಷ್ಟೇ ಬೆಚ್ಚಗಿದ್ದರೂ, ಅದೇ ಹೆಸರು. ಇನ್ನೊಂದು ಅರ್ಥ ೨೦೦೮ರಿಂದೀಚೆಗೆ ಬಳಕೆಗೆ ಬಂತು. ಸ್ಮೃತಿಫಲಕವನ್ನು ತಂಪುಗೊಳಿಸಿದರೆ ವಿದ್ಯುತ್ತು ಕಡಿದ ಮೇಲೂ ಅದರಲ್ಲಿನ ಮಾಹಿತಿ ಬಹಳ ಹೊತ್ತು ಅಳಿಯದೆ ಉಳಿಯುತ್ತದೆಂದೂ, ಗುಪ್ತಸಂಕೇತಗಳನ್ನು ಕದಿಯಲು ಅದು ದಾರಿಯಾಗುತ್ತದೆಂದೂ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದರು. ಒಂದೇ ಶೈತ್ಯವು ಸ್ಮೃತಿಯನ್ನು ಮರೆಯಗೊಡದು, ಪ್ರೊಸೆಸರನ್ನು ಏಳಗೊಡದು!

೫. ಆರಂಭವೇ ಏಕೆ ಕಷ್ಟ?

'ಬೂಟ್' ಎಂಬ ಪದದ ನಿಷ್ಪತ್ತಿಯಲ್ಲಿಯೇ ಈ ಪ್ರಶ್ನೆಯ ಉತ್ತರದ ಸುಳಿವಿದೆ. ತಾನು ತೊಟ್ಟ ಬೂಟಿನ ಪಟ್ಟಿಯನ್ನು ಹಿಡಿದೆಳೆದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಅಸಂಭವ ಸಾಹಸದಿಂದ ಈ ಮಾತು ಬಂದಿದೆ. ಗಣಕವು ಆರಂಭವಾಗಬೇಕಾದರೆ ಆದೇಶಗಳನ್ನು ಓದಬೇಕು. ಆದೇಶಗಳನ್ನು ಓದಬೇಕಾದರೆ ಅದು ಆರಂಭವಾಗಿರಬೇಕು. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಈ ಗಂಟನ್ನು ಬಿಡಿಸಲು ಮದರ್‌ಬೋರ್ಡಿನ ಮೇಲೆ ಅಳಿಯದ ಒಂದು ಚಿಕ್ಕ ಆದೇಶಸಂಗ್ರಹವನ್ನು ಮೊದಲೇ ಇರಿಸಿರುತ್ತಾರೆ. ಅದರ ನೆರವಿನಿಂದ ಯಂತ್ರವು ಮೆಟ್ಟಿಲು ಮೆಟ್ಟಿಲಾಗಿ ಏಳುತ್ತದೆ: ಮೊದಲು ವೋಲ್ಟೇಜುಗಳು ಸ್ಥಿರಗೊಳ್ಳಬೇಕು, ಬಳಿಕ ತಾಳ ನಿಲ್ಲಬೇಕು, ಆಮೇಲೆ ಪ್ರೊಸೆಸರು ಮೊದಲ ಆದೇಶವನ್ನು ಓದಬೇಕು, ಕೊನೆಗೆ ಸ್ಮೃತಿಫಲಕಗಳೊಡನೆ ಸಂಪರ್ಕವನ್ನು ಹೊಂದಿಸಿಕೊಳ್ಳಬೇಕು. ಒಂದು ಮೆಟ್ಟಿಲು ತಪ್ಪಿದರೆ ಮುಂದಿನದಿಲ್ಲ.

ಶೈತ್ಯವು ಈ ಮೆಟ್ಟಿಲುಗಳಲ್ಲಿ ಒಂದೊಂದನ್ನೂ ಒಂದೊಂದು ರೀತಿಯಲ್ಲಿ ಸಡಿಲಿಸುತ್ತದೆ.

ಮೊದಲನೆಯದು ಹೊಸ್ತಿಲಿನ ಸಮಸ್ಯೆ. ಟ್ರಾನ್ಸಿಸ್ಟರು ತೆರೆದುಕೊಳ್ಳಲು ಬೇಕಾದ ಕನಿಷ್ಠ ವೋಲ್ಟೇಜನ್ನು ಹೊಸ್ತಿಲು ಎನ್ನಬಹುದು. ಉಷ್ಣತೆ ಒಂದು ಡಿಗ್ರಿ ಇಳಿದರೆ ಈ ಹೊಸ್ತಿಲು ಸುಮಾರು ಒಂದು ಮಿಲಿವೋಲ್ಟಿನಷ್ಟು ಏರುತ್ತದೆ. ಅದು ಅತ್ಯಲ್ಪವೇ ಸರಿ; ಆದರೆ ೨೦೦ ಡಿಗ್ರಿ ಇಳಿದಾಗ ೦.೨ ವೋಲ್ಟಿನಷ್ಟಾಗುತ್ತದೆ. ಒಂದು ವೋಲ್ಟಿನ ಆಸುಪಾಸಿನಲ್ಲಿ ನಡೆಯುವ ಯಂತ್ರಕ್ಕೆ ಇದು ಸಣ್ಣ ಹೊಸ್ತಿಲಲ್ಲ.

ಎರಡನೆಯದು ಅಳತೆಗೋಲಿನ ಸಮಸ್ಯೆ. ಪ್ರೊಸೆಸರಿನೊಳಗೆ ಉಳಿದೆಲ್ಲ ವೋಲ್ಟೇಜುಗಳಿಗೆ ಪ್ರಮಾಣವಾಗಿ ಒಂದು ಸ್ಥಿರ ವೋಲ್ಟೇಜನ್ನು ಹುಟ್ಟಿಸುವ ಮಂಡಲವಿರುತ್ತದೆ. ಸಾಮಾನ್ಯ ಉಷ್ಣತೆಯ ವ್ಯಾಪ್ತಿಯಲ್ಲಿ ಅದು ಅಲುಗದಂತೆ ರಚಿತವಾಗಿದೆ. ಆ ವ್ಯಾಪ್ತಿಯಿಂದ ಬಹುದೂರ ಸರಿದಾಗ ಅಳತೆಗೋಲೇ ಬಾಗುತ್ತದೆ.

ಮೂರನೆಯದು ತಾಳದ ಸಮಸ್ಯೆ. ಮೂಲಸ್ಪಂದನವನ್ನು ಗುಣಿಸಿ ಗಿಗಾಹರ್ಟ್ಸಿಗೆ ಏರಿಸುವ ಮಂಡಲವು ವಾದ್ಯಕ್ಕೆ ಶ್ರುತಿ ಸೇರಿಸಿದಂತೆ, ಹೆಚ್ಚುಕಡಿಮೆ ಮಾಡುತ್ತ ಮಾಡುತ್ತ ಸರಿಯಾದ ಸ್ಥಾನವನ್ನು ಹಿಡಿಯಬೇಕು. ಒಮ್ಮೆ ಹಿಡಿದ ಮೇಲೆ ಅದನ್ನು ಉಳಿಸಿಕೊಳ್ಳುವುದು ಸುಲಭ. ಅಪರಿಚಿತ ಶೈತ್ಯದಲ್ಲಿ ಮೊದಲ ಬಾರಿಗೆ ಹಿಡಿಯುವುದೇ ದುಸ್ತರ.

ನಾಲ್ಕನೆಯದು ಸ್ಮೃತಿಯೊಡನೆ ಹೊಂದಾಣಿಕೆಯ ಸಮಸ್ಯೆ. ಪ್ರೊಸೆಸರು ಏಳುವಾಗ ಸ್ಮೃತಿಫಲಕಗಳಿಗೆ ಪರೀಕ್ಷಾಸಂದೇಶಗಳನ್ನು ಕಳುಹಿಸಿ, ಅವು ಯಾವ ಕ್ಷಣದಲ್ಲಿ ಬಂದು ಮುಟ್ಟುತ್ತವೆಂಬುದನ್ನು ಅಳೆದು ಹೊಂದಿಸಿಕೊಳ್ಳುತ್ತದೆ. ಈ ಅಭ್ಯಾಸವು ಆರಂಭದಲ್ಲಿ ನಡೆಯುವಂಥದು. ಅಲ್ಲಿ ಎಡವಿದರೆ ತೆರೆಯ ಮೇಲೆ ಏನೂ ಮೂಡುವುದಿಲ್ಲ.

ಐದನೆಯದೂ ಬಹಳ ಮುಖ್ಯವೂ ಆದ ಕಾರಣವೆಂದರೆ ಸ್ವಂತ ತಾಪದ ಅಭಾವ. ಲೋಟದ ಉಷ್ಣಮಾಪಕವು ತೋರಿಸುವುದು ತಾಮ್ರದ ಉಷ್ಣತೆಯನ್ನು. ಪೂರ್ಣವೇಗದಲ್ಲಿ ದುಡಿಯುವ ಪ್ರೊಸೆಸರು ೨೦೦ ವಾಟಿಗೂ ಮಿಕ್ಕು ತಾಪವನ್ನು ತನ್ನೊಳಗೇ ಹುಟ್ಟಿಸುವುದರಿಂದ, ಒಳಗಿನ ಸಿಲಿಕಾನು ಹೊರಗಿನ ತಾಮ್ರಕ್ಕಿಂತ ಸಾಕಷ್ಟು ಬೆಚ್ಚಗಿರುತ್ತದೆ. ಚಾಲನೆ ನಿಂತೊಡನೆ ಆ ಬೆಚ್ಚಗು ಮಾಯವಾಗಿ ಬಿಲ್ಲೆಯು ಲೋಟದಷ್ಟೇ ತಣ್ಣಗಾಗುತ್ತದೆ. ಮಾಪಕದಲ್ಲಿ ಅಂಕಿ ಅದೇ ಇದ್ದರೂ ಪ್ರೊಸೆಸರಿನ ಪಾಲಿಗೆ ಶೈತ್ಯ ಅದೇ ಅಲ್ಲ. ದುಡಿಮೆಯಲ್ಲಿರುವವನಿಗೆ ತಾಗದ ಮಾಗಿಯ ಚಳಿ, ಹಾಸಿಗೆಯಿಂದ ಏಳಬೇಕಾದವನಿಗೆ ತಾಗುವಂತೆ.

೬. ನಿದಾನ ಮತ್ತು ಪರಿಹಾರ

ಯಂತ್ರವು ಏಳದಿದ್ದಾಗ 'ಪ್ರೊಸೆಸರು ಸತ್ತಿತು' ಎಂದು ತೀರ್ಮಾನಿಸುವುದು ಅನನುಭವಿಗಳ ವಾಡಿಕೆ. ತರ್ಕದ ದೃಷ್ಟಿಯಿಂದ ಇಲ್ಲಿ ಹೇತುವು ದುಷ್ಟವಾಗಿದೆ. ಸತ್ತ ಪ್ರೊಸೆಸರು ಏಳುವುದಿಲ್ಲವೆಂಬುದು ನಿಜ. ಆದರೆ ಅತಿಯಾಗಿ ತಣ್ಣಗಾದುದೂ ಏಳುವುದಿಲ್ಲ, ತೇವ ತಗುಲಿದ ಮದರ್‌ಬೋರ್ಡಿನದೂ ಏಳುವುದಿಲ್ಲ, ಸ್ಮೃತಿಫಲಕ ಹೊಂದದಿದ್ದರೂ ಏಳುವುದಿಲ್ಲ. ಏಳದಿರುವುದೆಂಬ ಹೇತು ಸಾಧ್ಯವಿಲ್ಲದ ಕಡೆಯೂ ಇರುವುದರಿಂದ ಅದು ಸವ್ಯಭಿಚಾರ. ಅದೊಂದರಿಂದಲೇ ಮರಣವನ್ನು ಅನುಮಾನಿಸಲಾಗದು.

ಆದುದರಿಂದ ಅನ್ವಯ ವ್ಯತಿರೇಕಗಳಿಂದ, ಒಂದೊಂದೇ ಕಾರಣವನ್ನು ಇಟ್ಟೂ ತೆಗೆದೂ ಪರೀಕ್ಷಿಸಬೇಕು. ಅನುಭವಿಗಳು ಅನುಸರಿಸುವ ಕ್ರಮ ಹೀಗಿದೆ.

ಮೊದಲು ಸಾರಜನಕವನ್ನು ಹೊಯ್ಯುವುದನ್ನು ನಿಲ್ಲಿಸಿ ಬಿಸಿಯೇರಲು ಬಿಡಬೇಕು. ಅವಸರವಿದ್ದವರು ಲೋಟಕ್ಕೆ ಬಿಸಿಗಾಳಿಯ ಯಂತ್ರವನ್ನೋ ಜ್ವಾಲೆಯನ್ನೋ ಹಿಡಿಯುವುದುಂಟು. ಹತ್ತು ಹತ್ತು ಡಿಗ್ರಿ ಏರಿದಂತೆಲ್ಲ ಮತ್ತೆ ಚಾಲನೆಯ ಗುಂಡಿಯನ್ನೊತ್ತಿ ನೋಡಬೇಕು. ಒಂದು ಬಿಂದುವಿನಲ್ಲಿ ಎದ್ದರೆ ದೋಷವು ಶೀತಾರಂಭದ್ದೇ ಎಂದು ನಿಶ್ಚಯ. ಆ ಅಂಕಿಯನ್ನು ಬರೆದಿಟ್ಟುಕೊಂಡರೆ ಮುಂದಿನ ಬಾರಿ ಅದಕ್ಕಿಂತ ಮೇಲಣ ಉಷ್ಣತೆಯಲ್ಲಿಯೇ ಆರಂಭಿಸಿ, ಎದ್ದ ಮೇಲೆ ತಣ್ಣಗಾಗಿಸಬಹುದು.

ಎರಡನೆಯದಾಗಿ, ಉತ್ತಮ ಮದರ್‌ಬೋರ್ಡುಗಳ ಮೇಲೆ ಎರಡಂಕಿಯ ಒಂದು ಪುಟ್ಟ ಫಲಕವಿರುತ್ತದೆ. ಯಂತ್ರವು ಯಾವ ಮೆಟ್ಟಿಲಿನಲ್ಲಿ ನಿಂತಿದೆಯೆಂಬುದನ್ನು ಅದರ ಸಂಕೇತ ತಿಳಿಸುತ್ತದೆ. ಸ್ಮೃತಿಯ ಮೆಟ್ಟಿಲಿನಲ್ಲಿ ನಿಂತಿದ್ದರೆ ಪ್ರೊಸೆಸರನ್ನು ಕೆದಕುವುದು ವ್ಯರ್ಥ. ಸ್ಮೃತಿಯ ವೇಗವನ್ನು ಇಳಿಸಿ ನೋಡಬೇಕು.

ಮೂರನೆಯದಾಗಿ, ಆರಂಭವನ್ನು ಕಡಿಮೆ ವೇಗದಲ್ಲಿ ಮಾಡಬೇಕು. ಲಯವರ್ಧನೆಗಾಗಿಯೇ ರಚಿಸಿದ ಮದರ್‌ಬೋರ್ಡುಗಳಲ್ಲಿ ಗುಣಕವನ್ನು ಒಮ್ಮೆಲೇ ತಗ್ಗಿಸುವ ಒಂದು ಕೀಲಿಯೂ, ದ್ರವ ಸಾರಜನಕದ ಪ್ರಯೋಗಕ್ಕೆಂದೇ ವೋಲ್ಟೇಜುಗಳ ಹೊಂದಾಣಿಕೆಯನ್ನು ಸಡಿಲಿಸುವ ಇನ್ನೊಂದು ಕೀಲಿಯೂ ಇರುತ್ತವೆ. ವಿಳಂಬದಲ್ಲಿ ಎದ್ದ ಬಳಿಕ ದ್ರುತಕ್ಕೆ ಏರಿಸುವುದು ಇದರ ರಹಸ್ಯ. ಪ್ರೊಸೆಸರಿನ ಉಪಮಂಡಲಗಳ ವೋಲ್ಟೇಜನ್ನು ಮಿತವಾಗಿ ಹೆಚ್ಚಿಸಿದರೆ, ಏರಿದ ಹೊಸ್ತಿಲನ್ನು ದಾಟಲು ಅದರಿಂದಲೂ ಸಹಾಯವಾಗುವುದುಂಟು. ಆದರೆ ಬೆಚ್ಚಗಿರುವಾಗ ಅದೇ ವೋಲ್ಟೇಜು ವಿಷವಾದೀತು.

ನಾಲ್ಕನೆಯದಾಗಿ, ಲೋಟಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚಿದ ಉಷ್ಣವಾಹಕ ಲೇಪವು ಕಡುಶೈತ್ಯದಲ್ಲಿ ಗಟ್ಟಿಯಾಗಿ ಬಿರುಕು ಬಿಡಬಹುದು. ಆಗ ಲೋಟವು ತಣ್ಣಗಿದ್ದರೂ ಬಿಲ್ಲೆಯ ತಾಪ ಹೊರಬರಲಾರದೆ ಯಂತ್ರ ನಿಲ್ಲುತ್ತದೆ. ನೋಡುವವರಿಗೆ ಇದು ಶೀತದೋಷದಂತೆಯೇ ಕಾಣುತ್ತದೆ. ನಿಜವಾಗಿ ಇದು ಉಷ್ಣದೋಷ. ಲೋಟವನ್ನು ಬಿಚ್ಚಿ ಲೇಪವನ್ನು ಹೊಸದಾಗಿ ಹಚ್ಚುವುದೇ ಮದ್ದು.

ಐದನೆಯದು ತೇವ. ಗಾಳಿಯಲ್ಲಿನ ನೀರಾವಿಯು ತಣ್ಣನೆಯ ಭಾಗಗಳ ಮೇಲೆ ಮಂಜಾಗಿ ಕೂರುತ್ತದೆ. ಮಂಜು ಗಟ್ಟಿಯಾಗಿರುವಷ್ಟು ಕಾಲ ಅಪಾಯ ಕಡಿಮೆ. ಪ್ರಯೋಗ ಮುಗಿದು ಅದು ಕರಗಿ ನೀರಾಗುವಾಗಲೇ ಹೆಚ್ಚಿನ ಅನಾಹುತ. ಇದಕ್ಕಾಗಿ ಪ್ರೊಸೆಸರಿನ ಸುತ್ತ ವ್ಯಾಸಲೀನನ್ನೋ, ಕಣಕದಂತೆ ಮೆತ್ತಗಿರುವ ಚಿತ್ರಕಾರರ ರಬ್ಬರನ್ನೋ ಮೆತ್ತಿ, ಲೋಟದ ಸುತ್ತ ನೀರು ಹೀರುವ ಬಟ್ಟೆಯನ್ನು ಸುತ್ತುತ್ತಾರೆ. ಕೆಲಸ ಮುಗಿದ ಮೇಲೆ ಪೂರ್ಣವಾಗಿ ಒಣಗುವವರೆಗೆ ವಿದ್ಯುತ್ತನ್ನು ಕೊಡಬಾರದು. ಮನೆಯ ಗಣಕಕ್ಕೂ ಈ ನಿಯಮ ಅನ್ವಯಿಸುತ್ತದೆ. ಚಳಿನಾಡಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಹಿಮದ ದಿನ ಕಾರಿನಲ್ಲಿಟ್ಟಿದ್ದ ಗಣಕವನ್ನು ಮನೆಯೊಳಗೆ ತಂದೊಡನೆ ಚಾಲನೆ ಮಾಡದೆ, ಚೀಲದಲ್ಲಿಯೇ ಇರಿಸಿ ಕೋಣೆಯ ಉಷ್ಣತೆಗೆ ಬರುವತನಕ ಕಾಯುವುದು ಕ್ಷೇಮ.

೭. ಅಪಾಯದ ಎಚ್ಚರಿಕೆ

ಈ ಪ್ರಯೋಗವನ್ನು ಶಾಲೆಯಲ್ಲಾಗಲಿ ವಿದ್ಯಾರ್ಥಿನಿಲಯದ ಕೋಣೆಯಲ್ಲಾಗಲಿ ಯಾರೂ ಮಾಡಕೂಡದು. ಒಂದು ಲೀಟರು ದ್ರವ ಸಾರಜನಕವು ಆವಿಯಾದಾಗ ಸುಮಾರು ೭೦೦ ಲೀಟರು ಅನಿಲವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಆಮ್ಲಜನಕವನ್ನು ಹೊರದೂಡಿದರೆ, ಉಸಿರುಗಟ್ಟುತ್ತಿದೆಯೆಂಬ ಅರಿವೂ ಬಾರದೆ ಮನುಷ್ಯನು ಎಚ್ಚರ ತಪ್ಪಿ ಬೀಳುತ್ತಾನೆ. ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಅದನ್ನು ತುಂಬಿದರೆ ಪಾತ್ರೆ ಸಿಡಿಯುತ್ತದೆ. ಚರ್ಮಕ್ಕೆ ತಾಗಿ ನಿಂತರೆ ಸುಟ್ಟ ಗಾಯದಂಥ ಗಾಯವಾಗುತ್ತದೆ. ಪಶುಚಿಕಿತ್ಸಾಲಯದಲ್ಲಿ ಸಿಬ್ಬಂದಿಯವರು ಪಾತ್ರೆಯ ಮುಚ್ಚಳವನ್ನು ಸಡಿಲವಾಗಿಡುವುದೂ ಕೈಗವಸು ತೊಡುವುದೂ ಈ ಕಾರಣದಿಂದಲೇ. ವಿದ್ಯಾರ್ಥಿಯು ಕೇಳಿದಾಗ 'ಅದೆಲ್ಲ ನಿನಗೆ ಬೇಡ' ಎಂದು ಗದರುವುದಕ್ಕಿಂತ, ಈ ೭೦೦ರ ಲೆಕ್ಕವನ್ನು ಹ್ಯಾಗೆ ಬಂತೆಂದು ಕರಿಹಲಗೆಯ ಮೇಲೆ ಮಾಡಿ ತೋರಿಸುವುದು ಹೆಚ್ಚು ಪರಿಣಾಮಕಾರಿ. ಲೆಕ್ಕವನ್ನು ತಾನೇ ಮಾಡಿದ ಹುಡುಗನು ಭಯವನ್ನೂ ತಾನೇ ಕಲಿಯುತ್ತಾನೆ.

ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ಲಯವರ್ಧನೆಯ ಈ ವಿಲಕ್ಷಣ ಅಧ್ಯಾಯದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಉಷ್ಣದಂತೆ ಶೈತ್ಯಕ್ಕೂ ಮಿತಿಯುಂಟು ಎಂಬುದು ಒಂದು. ಒಂದು ವಸ್ತುವಿನ ಕಾರ್ಯಸಾಮರ್ಥ್ಯ ಬೇರೆ, ಆರಂಭಸಾಮರ್ಥ್ಯ ಬೇರೆ ಎಂಬುದು ಇನ್ನೊಂದು. ಹತ್ತಾರು ವರ್ಷ ಪಾಠ ಹೇಳಿದ ಉಪಾಧ್ಯಾಯರಿಗೆ ಈ ಎರಡನೆಯ ಸಂಗತಿಯನ್ನು ವಿವರಿಸಬೇಕಾಗಿಲ್ಲ. ಒಮ್ಮೆ ಹಿಡಿದರೆ ಪಟ್ಟುಬಿಡದೆ ಓದುವ, ಆದರೆ ಮೊದಲ ಅಕ್ಷರಕ್ಕೆ ತಿಂಗಳುಗಟ್ಟಲೆ ತೆಗೆದುಕೊಳ್ಳುವ ಮಕ್ಕಳು ಎಲ್ಲ ತರಗತಿಗಳಲ್ಲಿಯೂ ಇದ್ದಾರೆ. ಏಳದಿರುವುದನ್ನು ಕಂಡು ಸತ್ತಿತೆಂದು ತೀರ್ಪು ಕೊಡುವ ಮೊದಲು ಹತ್ತು ಡಿಗ್ರಿ ಬೆಚ್ಚಗೆ ಮಾಡಿ ಮತ್ತೊಮ್ಮೆ ನೋಡುವುದು ಪ್ರೊಸೆಸರಿನ ವಿಷಯದಲ್ಲಿ ಬರಿಯ ಮಿತವ್ಯಯ. ಮಗುವಿನ ವಿಷಯದಲ್ಲಿ ಅದು ಕರ್ತವ್ಯ. ಇಷ್ಟನ್ನು ವಿಜ್ಞಾಪಿಸಿಕೊಂಡು ಲೇಖನಕ್ಕೆ ಮಂಗಳ ಹಾಡುತ್ತೇನೆ.